ಒಂದು ಮೇಜಿನಷ್ಟು ದೂರ

"ಮುಟ್ಟಬೇಡಿ! ನನ್ನದನ್ನ ಮುಟ್ಟಬೇಡಿ!"

ದೆಹಲಿಯ ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಅರವತ್ತು ತಲೆಗಳು ಒಟ್ಟಿಗೆ ತಿರುಗಿದವು. ಇಸ್ತ್ರಿ ಹಾಕುತ್ತಿದ್ದವರ ಕೈ ಅಲ್ಲೇ ನಿಂತಿತು. ಕೂಗಿದ ಹುಡುಗಿ ಎರಡೂ ಕೈಯಿಂದ ಮೇಜಿನ ಅಂಚು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಎದುರಿಗೆ ನಿಂತಿದ್ದ ಯುವಕನ ಕೈಯಲ್ಲಿ ಅವಳ ಟ್ಯಾಗ್ ಗನ್ ಇತ್ತು. ಅಂಗಿಗೆ ಚೀಟಿ ಚುಚ್ಚುವ ಪುಟ್ಟ ಸಾಧನ. ತನ್ನದು ಕೈಕೊಟ್ಟಿತೆಂದು ಪಕ್ಕದ ಮೇಜಿನಿಂದ ಎತ್ತಿಕೊಂಡಿದ್ದ, ಅಷ್ಟೇ. ಅಲ್ಲಿ ದಿನಕ್ಕೆ ನೂರು ಸಲ ನಡೆಯುವ ಸಂಗತಿ ಅದು.

ಅವನು ಹಾವು ತುಳಿದವನಂತೆ ಬೆಚ್ಚಿಬಿದ್ದ.

"ಸಾರಿ, ಸಾರಿ! ಎಲ್ಲಿತ್ತು ಇದು? ಇಲ್ಲೇನಾ?" ಎನ್ನುತ್ತಾ ಅದನ್ನು ಮೇಜಿನ ಮೇಲಿಟ್ಟ.

ಕನ್ನಡ! ಗಾಬರಿಯಲ್ಲಿ ತಾನು ಕೂಗಿದ್ದು ಕನ್ನಡದಲ್ಲಿ ಎಂಬುದು ಅವಳಿಗೆ ಆಗ ಗೊತ್ತಾಯಿತು.

"ಎರಡು ಬೆರಳು ಎಡಕ್ಕೆ," ಎಂದಳು.

ಅವನು ಎರಡು ಬೆರಳು ಎಡಕ್ಕೆ ಸರಿಸಿದ. "ಈಗ?"

"ಈಗ ಸರಿ."

ಅವನು ನಗಲಿಲ್ಲ. ಅಕ್ಕಪಕ್ಕದವರು ಮುಸಿಮುಸಿ ನಗುತ್ತಿದ್ದರು, ಯಾರೋ ತಲೆಯ ಹತ್ತಿರ ಬೆರಳು ತಿರುಗಿಸಿ ತೋರಿಸಿದ್ದೂ ಆಯಿತು. ಅವನು ಮಾತ್ರ ನಗಲಿಲ್ಲ. ಹುಡುಗಿ ಅದನ್ನು ನೋಡಿದಳು. ನೋಡಿದ್ದನ್ನು ಮರೆಯುವ ಅಭ್ಯಾಸ ಅವಳಿಗೆ ಇರಲಿಲ್ಲ.

ಅವಳ ಹೆಸರು ಜೀವಿತಾ. ವಯಸ್ಸು ಇಪ್ಪತ್ನಾಲ್ಕು. ಅವಳಿಗೆ ಆಟಿಸಂ ಇದೆ. ಹಾಗೆಂದರೇನು ಅಂತ ಬಲ್ಲವರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ, ನಾನು ಅಷ್ಟು ದೂರ ಹೋಗಲಾರೆ. ನನಗೆ ಗೊತ್ತಿರುವುದು ಇಷ್ಟು: ಅವಳಿಗೆ ಹೇಳಿದ್ದು ಹೇಳಿದ ಹಾಗೇ ನಡೆಯಬೇಕು. ಓದು ನಿಧಾನ. ಜೋರು ಸದ್ದು ಕಿವಿಗಲ್ಲ, ಮೈಗೇ ಹೊಡೆಯುತ್ತದೆ. ಸುಳ್ಳು ಹೇಳಲು ಬರುವುದಿಲ್ಲ. ಈ ಕೊನೆಯದನ್ನು ಕಾಯಿಲೆ ಅನ್ನುವವರಿಗೆ ನನ್ನ ನಮಸ್ಕಾರ.

ಅವಳಂಥ ಯುವಕ ಯುವತಿಯರಿಗೆ ಕೆಲಸ ಹುಡುಕಿಕೊಟ್ಟು, ಜೊತೆಗೇ ನಿಂತು ಕಲಿಸುವ ಸಂಸ್ಥೆಯೊಂದರಿಂದ ಅವಳು ಇಲ್ಲಿಗೆ ಬಂದಿದ್ದಳು. ಎಂಟು ವಾರದ ಪರೀಕ್ಷಾ ಅವಧಿ. ಮಡಚಿದ ಅಂಗಿಯ ಕಾಲರಿನಲ್ಲಿರುವ ಅಳತೆ ನೋಡಿ, ಚೀಟಿ ಚುಚ್ಚಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಅದೇ ಅಳತೆಯ ಸ್ಟಿಕ್ಕರ್ ಅಂಟಿಸುವುದು ಕೆಲಸ. ಎಂಟು ವಾರ ಮುಗಿದಾಗ ಸೂಪರ್‌ವೈಸರ್ ಚಂದನ್ ಜೀ 'ಹೂಂ' ಅಂದರೆ ಕೆಲಸ ಖಾಯಂ. 'ಊಹೂಂ' ಅಂದರೆ...

ಅದನ್ನು ನೆನೆಯಲೂ ಜೀವಿತಾಳಿಗೆ ಇಷ್ಟವಿರಲಿಲ್ಲ.

ಯಾಕೆಂದರೆ ಇದು ಎರಡನೇ ಸಲ. ಮೊದಲು ಮಾನೇಸರ್‌ನ ಒಂದು ಬಿಡಿಭಾಗಗಳ ಕಾರ್ಖಾನೆಯ ಸ್ಟೋರ್‌ಗೆ ಹೋಗಿದ್ದಳು. ಹನ್ನೊಂದನೇ ದಿನ ಪಕ್ಕದ ಶೆಡ್ಡಿನಲ್ಲಿ ಪ್ರೆಸ್ ಯಂತ್ರ ಶುರುವಾದದ್ದೇ ತಡ, ಕಿವಿ ಮುಚ್ಚಿಕೊಂಡು ಹೆದ್ದಾರಿಗೆ ಓಡಿಬಿಟ್ಟಳು. ಎರಡು ಗಂಟೆ ಹುಡುಕಿದ ಮೇಲೆ ಒಂದು ಫ್ಲೈಓವರ್ ಕೆಳಗೆ ಸಿಕ್ಕಿದಳು. ಅವತ್ತು ಅವಳ ಅಪ್ಪ ಮೊಣ್ಣಪ್ಪ, ಇಪ್ಪತ್ತೆಂಟು ವರ್ಷ ಸೇನೆಯಲ್ಲಿದ್ದು ಸುಬೇದಾರರಾಗಿ ನಿವೃತ್ತರಾದ ಕೊಡಗಿನ ಮನುಷ್ಯ, ನಡುರಸ್ತೆಯಲ್ಲಿ ಕೂತು ಅತ್ತಿದ್ದರು.

ಈ ಸಲ ಅವರು ಒಪ್ಪಿದ್ದೇ ಒಂದು ಷರತ್ತಿನ ಮೇಲೆ. "ಇದೇ ಕೊನೆ, ಮಗಳೇ. ಇದೂ ಆಗದಿದ್ರೆ ಮನೆ. ಅಮ್ಮ ಇದಾಳೆ, ನಾನಿದೀನಿ. ಏನು ಕಡಿಮೆ ನಿಂಗೆ?"

ಏನೂ ಕಡಿಮೆಯಿರಲಿಲ್ಲ. ಫರೀದಾಬಾದಿನ ಮನೆಯಲ್ಲಿ ಎಲ್ಲವೂ ಇತ್ತು. ಬೆಳಿಗ್ಗೆ ಎದ್ದು ಹೋಗಬೇಕಾದ ಒಂದು ಜಾಗ ಮಾತ್ರ ಇರಲಿಲ್ಲ.

*

ಟ್ಯಾಗ್ ಗನ್ ಹುಡುಗನ ಹೆಸರು ಪೃಥ್ವಿ. ಇಪ್ಪತ್ತೇಳು ವರ್ಷ. ತಂದೆ ಗುಂಡಣ್ಣ ಯಾವುದೋ ಸಚಿವಾಲಯದಲ್ಲಿ ಹಿರಿಯ ಗುಮಾಸ್ತರು. ಮಗನೂ ಸರ್ಕಾರಿ ನೌಕರಿಗೇ ಸೇರಲಿ ಎಂದು ನಾಲ್ಕು ಸಲ ಪರೀಕ್ಷೆ ಬರೆಸಿದ್ದರು. ನಾಲ್ಕು ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈಗ ಇಲ್ಲಿ ಪ್ಯಾಕಿಂಗ್ ಕೆಲಸ. ದೆಹಲಿಯಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಕನ್ನಡ ಅರ್ಥವಾದಷ್ಟು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ.

ಜೀವಿತಾಳಿಗೆ ಕೆಲಸ ಕಲಿಸಲು ಸಂಸ್ಥೆಯಿಂದ ಬಂದಿದ್ದವರು ಅಹಲ್ಯಾ. ಈ ಕೆಲಸದಲ್ಲಿ ಹದಿನೈದು ವರ್ಷ ಕಳೆದ ಹೆಂಗಸು. ಅವರು ಅವತ್ತೇ ಪೃಥ್ವಿಯನ್ನು ಮೂಲೆಗೆ ಕರೆದರು.

"ನೀವು ಅವಳಿಗೆ ಸಹಾಯಗಾರ ಆಗ್ತೀರಾ? ನಾನು ಎಂಟು ವಾರ ಆದ ಮೇಲೆ ಇರಲ್ಲ. ಇಲ್ಲಿನವರೇ ಒಬ್ಬರು ಅವಳ ಜೊತೆ ಇರ್ಬೇಕು. ಪಕ್ಕದಲ್ಲೇ ನಿಂತು ಹೇಳಿಕೊಡೋದು, ಗಾಬರಿ ಆದ್ರೆ ಸಮಾಧಾನ ಮಾಡೋದು, ಅಷ್ಟೇ."

"ನಾನಾ ಮ್ಯಾಮ್? ನನಗೆ ಇದೆಲ್ಲ ಬರಲ್ಲ..."

"ಎರಡು ಬೆರಳು ಸರಿಸಿದ್ರಲ್ಲ, ಬರುತ್ತೆ ಬಿಡಿ."

ಅಹಲ್ಯಾ ಜೀವಿತಾಳ ಮೇಜಿನ ಮೇಲೆ ಒಂದು ಚಾರ್ಟ್ ಅಂಟಿಸಿದರು. ಎಂಟು ವಾರಕ್ಕೆ ಎಂಟು ಚೌಕ. ಮೊದಲ ಚೌಕದಲ್ಲಿ ಅಹಲ್ಯಾ ಅವಳ ಪಕ್ಕದಲ್ಲೇ. ಎರಡನೆಯದರಲ್ಲಿ ಮೇಜಿನ ಆಚೆ. ಮೂರನೆಯದರಲ್ಲಿ ಪಕ್ಕದ ಮೇಜು, ಆಮೇಲೆ ಬಾಗಿಲು, ಆಮೇಲೆ ಅರ್ಧ ದಿನ ಮಾತ್ರ. ಎಂಟನೆಯ ಚೌಕದಲ್ಲಿ ಜೀವಿತಾ ಒಬ್ಬಳೇ. ಕಲಿಸುವವರು ಹೀಗೆ ಹಂತಹಂತವಾಗಿ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಕಲಿಯುವವರು ತಮ್ಮ ಕಾಲ ಮೇಲೆ ನಿಲ್ಲುವುದಿಲ್ಲ. ಅದು ಅವರ ಕೆಲಸದ ರೀತಿ.

"ನಾನು ದೂರ ಹೋದ್ರೆ ಕೋಪ ಬಂದು ಹೋಗಿದ್ದಲ್ಲ. ನೀನು ಚೆನ್ನಾಗಿ ಕಲಿತಿದೀಯ ಅಂತ. ಗೊತ್ತಾಯ್ತಾ?"

ಜೀವಿತಾ ಚಾರ್ಟ್ ನೋಡಿದಳು. ಬರೆದಿದೆ ಅಂದಮೇಲೆ ಸರಿ. ಮೂರನೇ ವಾರ ಅಹಲ್ಯಾ ಪಕ್ಕದ ಮೇಜಿಗೆ ಹೋದಾಗ ಅವಳಿಗೆ ಒಂದಿಷ್ಟೂ ಭಯವಾಗಲಿಲ್ಲ.

ಆದರೆ ಓದುಗರೇ, ಆ ಚಾರ್ಟಿನಲ್ಲಿ ಪೃಥ್ವಿಯ ಹೆಸರು ಇರಲಿಲ್ಲ. ಹದಿನೈದು ವರ್ಷ ಅನುಭವವಿದ್ದ ಅಹಲ್ಯಾಗೂ ಅದು ಹೊಳೆಯಲಿಲ್ಲ. ಮುಂದಿನ ಪಾಡೆಲ್ಲ ಶುರುವಾದದ್ದು ಅಲ್ಲಿಂದಲೇ.

*

ಪೃಥ್ವಿ ಪಕ್ಕದಲ್ಲಿ ನಿಂತ. ದಿನಾ ನಿಂತ.

"ಕಾಲರ್ ನೋಡು. ಏನಿದೆ?"

"L."

"ಸ್ಟಿಕ್ಕರ್?"

"L."

"ಶಾಬಾಶ್. ಚಲೋ, ಮುಂದಿನದು."

ಮಧ್ಯಾಹ್ನ ಕ್ಯಾಂಟೀನಿನ ಗದ್ದಲ ಅವಳಿಗೆ ತಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಅವನು ತನ್ನ ಡಬ್ಬಿಯನ್ನೂ ಖಾಲಿ ಕಾರ್ಟನ್‌ಗಳ ಹಿಂದಕ್ಕೆ ತಂದ. ಅಲ್ಲಿ ಸ್ವಲ್ಪ ಸದ್ದು ಕಡಿಮೆ. ಅವಳು ಅವನ ಕನ್ನಡ ತಿದ್ದುತ್ತಿದ್ದಳು, ಅವನು ತಿದ್ದಿಸಿಕೊಳ್ಳುತ್ತಿದ್ದ.

ಒಂದು ದಿನ ಅವನು ಮತ್ತೆ ಬರಲಿರುವ ಪರೀಕ್ಷೆಯ ಮಾತೆತ್ತಿದ. ಅಪ್ಪ ಫಾರಂ ತಂದಿಟ್ಟಿದ್ದಾರೆ, ಐದನೇ ಸಲ.

"ನಿಮಗೆ ಪರೀಕ್ಷೆ ಇಷ್ಟಾನಾ?" ಜೀವಿತಾ ಕೇಳಿದಳು.

ಅವನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಓದಿದೆಯಾ, ಬರೆದೆಯಾ, ಎಷ್ಟು ಅಂಕ ಬರಬಹುದು... ಎಲ್ಲರೂ ಎಲ್ಲವನ್ನೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಇಲ್ಲ," ಎಂದ. "ಸ್ವಲ್ಪಾನೂ ಇಷ್ಟ ಇಲ್ಲ."

"ಹಾಗಾದ್ರೆ ಯಾಕೆ ಬರೀತೀರಿ?"

ಪೃಥ್ವಿ ನಕ್ಕ. ನಗುತ್ತಾ ಕಣ್ಣು ಒದ್ದೆಯಾಯಿತು. "ಗೊತ್ತಿಲ್ಲ ಕಣೇ. ಸಚ್ಚಿ, ನಿಜವಾಗ್ಲೂ ಗೊತ್ತಿಲ್ಲ."

ಅವತ್ತು ಮೆಟ್ರೋದಲ್ಲಿ ಮನೆಗೆ ಹೋಗುವಾಗ ಜೀವಿತಾಳ ಎದೆಯಲ್ಲಿ ಏನೋ ಹೊಸದು. ಭಯವಲ್ಲ. ಭಯದ ಹಾಗೇ ಢವಢವ, ಆದರೆ ಓಡಿಹೋಗಬೇಕು ಅನ್ನಿಸುತ್ತಿಲ್ಲ. ನಾಳೆ ಬೇಗ ಬರಲಿ ಅನ್ನಿಸುತ್ತಿದೆ!

ಅವಳು ಅಮ್ಮನನ್ನು ಕೇಳಿದಳು. "ಅಮ್ಮಾ, ಒಬ್ಬರು ಪಕ್ಕದಲ್ಲಿದ್ರೆ ಗದ್ದಲ ಕಡಿಮೆ ಕೇಳಿಸುತ್ತೆ. ಅದಕ್ಕೇನಂತಾರೆ?"

ಅಮ್ಮ ಲೀಲಾ ಒಗ್ಗರಣೆ ಹಾಕುತ್ತಿದ್ದವರು ಒಲೆ ಆರಿಸಿ ಮಗಳ ಮುಖ ನೋಡಿದರು. ಖುಷಿಪಡಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

"ಇಷ್ಟ ಅಂತಾರೆ, ಮಗಾ," ಎಂದರು ಕೊನೆಗೆ.

ಇಷ್ಟ. ಸರಿ.

ಐದನೇ ವಾರದ ಶುಕ್ರವಾರ ಸಂಜೆ, ಎಲ್ಲರೂ ಹೊರಡುವ ಗಡಿಬಿಡಿಯಲ್ಲಿ, ಅವಳು ಅವನೆದುರು ನಿಂತು ಹೇಳಿಬಿಟ್ಟಳು.

"ಪೃಥ್ವಿ, ನೀವು ನನಗೆ ಇಷ್ಟ. ಅಮ್ಮನ ಹಾಗೆ ಇಷ್ಟ ಅಲ್ಲ. ಬೇರೆ ಥರ."

ಪೃಥ್ವಿಯ ಕಿವಿಗಳು ಕೆಂಪಾದವು. ಬಾಯಿ ತೆರೆದ. ಅಷ್ಟರಲ್ಲಿ ಸೈರನ್ ಕೂಗಿತು, ಜೀವಿತಾ ಎರಡೂ ಕಿವಿ ಮುಚ್ಚಿಕೊಂಡಳು. ಅದು ನಿಲ್ಲುವ ಹೊತ್ತಿಗೆ ಜನರ ನೂಕುನುಗ್ಗಲು ಇಬ್ಬರನ್ನೂ ಬೇರೆ ಮಾಡಿತ್ತು.

ಸೋಮವಾರ ಹೇಳ್ತಾರೆ ಅಂದುಕೊಂಡಳು.

ಅವನೂ ಹಾಗೇ ಅಂದುಕೊಂಡಿದ್ದ. ಶನಿವಾರ ಭಾನುವಾರ ಎರಡೂ ದಿನ ಅವನಿಗೆ ಅನ್ನ ಸೇರಲಿಲ್ಲ. ನನಗೂ ಇಷ್ಟ... ಇಷ್ಟ ಅಂದರೆ ಏನು, ಪ್ರಾಣ! ಆದರೆ ನಾನು ಅವಳ ಸಹಾಯಗಾರ. ಅವಳು ನನ್ನನ್ನೇ ನಂಬಿ ನಿಂತಿದ್ದಾಳೆ. ಹಾಗೆ ನಿಂತವಳಿಗೆ 'ನಾನೂ' ಅನ್ನುವುದು ಸರಿಯೋ ತಪ್ಪೋ? ಯಾರನ್ನು ಕೇಳಲಿ?

*

ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರವೇ ಅಹಲ್ಯಾ ಸಿಕ್ಕಿದರು.

"ಪೃಥ್ವಿ, ಇವತ್ತಿಂದ ನೀವು ಅವಳಿಂದ ಸ್ವಲ್ಪ ದೂರ ಇರಿ. ಪಕ್ಕದ ಮೇಜಿಗೆ ಹೋಗಿ. ಊಟಕ್ಕೂ ಜೊತೆಗೆ ಬೇಡ, ಬೇರೆ ಹೆಂಗಸರ ಜೊತೆ ಕೂರಲಿ. ಏನಾದ್ರೂ ಕೇಳಿದ್ರೆ ನೀನೇ ನೋಡು ಅನ್ನಿ. ತೀರಾ ಬೇಕಾದ್ರೆ ಅವಳೇ ಕೈ ಎತ್ತುತ್ತಾಳೆ."

ಅಹಲ್ಯಾ ಹೇಳಿದ್ದು ತಮ್ಮ ಕೆಲಸದ ಮಾತು. ಆರನೇ ವಾರ, ಸಹಾಯಗಾರನೂ ಹಿಂದೆ ಸರಿಯುವ ಹೊತ್ತು, ಅಷ್ಟೇ. ಶುಕ್ರವಾರದ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ.

ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಪೃಥ್ವಿಯ ಮುಖ ಬಿಳುಚಿತು. ಮ್ಯಾಮ್‌ಗೆ ಗೊತ್ತಾಗಿದೆ. ಮರ್ಯಾದೆಯಾಗಿ ಎಚ್ಚರಿಕೆ ಕೊಡುತ್ತಿದ್ದಾರೆ. ನಾನು ತಪ್ಪು ಮಾಡಿದೆ... ಇನ್ನು ಹತ್ತಿರ ಹೋದರೆ ಅವಳ ಕೆಲಸಕ್ಕೇ ಕುತ್ತು!

"ಅಚ್ಛಾ ಮ್ಯಾಮ್," ಎಂದ. ಮತ್ತೇನೂ ಕೇಳಲಿಲ್ಲ.

ಒಳಗೆ ಜೀವಿತಾ ಕಾಯುತ್ತಿದ್ದಳು. ಪೃಥ್ವಿ ಬಂದ. ಅವಳ ಮೇಜು ದಾಟಿ ಮುಂದೆ ಹೋದ. ಪಕ್ಕದ ಮೇಜಿನಲ್ಲಿ ನಿಂತ.

ಅವಳು ಚಾರ್ಟ್ ನೋಡಿದಳು. ಆರನೇ ಚೌಕದಲ್ಲಿ ಅಹಲ್ಯಾ ಮ್ಯಾಮ್ ವಾರಕ್ಕೆ ಎರಡೇ ದಿನ ಬರುತ್ತಾರೆ ಎಂದಿತ್ತು. ಪೃಥ್ವಿ ಬಗ್ಗೆ ಏನೂ ಇರಲಿಲ್ಲ. ಬೆರಳಿಟ್ಟು ಮತ್ತೆ ನೋಡಿದಳು. ಹಿಂದಿನ ಚೌಕ, ಮುಂದಿನ ಚೌಕ. ಎಲ್ಲೂ ಇಲ್ಲ.

ಚಾರ್ಟಿನಲ್ಲಿಲ್ಲ ಅಂದಮೇಲೆ ಇದು ಕಲಿತಿದ್ದಕ್ಕೆ ದೂರ ಹೋಗಿದ್ದಲ್ಲ. ಕೋಪ ಬಂದು ಹೋಗಿದ್ದು.

ಊಟಕ್ಕೆ ಅವನು ಕಾರ್ಟನ್‌ಗಳ ಹಿಂದೆ ಬರಲಿಲ್ಲ. ಇಪ್ಪತ್ತು ನಿಮಿಷ ಕಾದು ಅವಳು ಡಬ್ಬಿ ಮುಚ್ಚಿದಳು.

ಮಂಗಳವಾರ ಕೇಳಿದಳು, "ಪೃಥ್ವಿ, ಇದು XL ಅಲ್ವಾ?"

ಅವನು ತಲೆ ಎತ್ತಲಿಲ್ಲ. "ನೀನೇ ನೋಡು."

ಅವನ ದನಿ ನಡುಗಿತ್ತು. ಅವಳಿಗೆ ಕೇಳಿಸಿದ್ದು ಮಾತು ಮಾತ್ರ.

'ಇಷ್ಟ ಅಂದೆ. ಅದಕ್ಕೇ. ಇಷ್ಟ ಅಂತ ಹೇಳಬಾರದಿತ್ತು. ಅಮ್ಮ ಹೇಳಿದ ಪದ ತಪ್ಪಾ? ನಾನು ಹೇಳಿದ ರೀತಿ ತಪ್ಪಾ? ಜಾಸ್ತಿ ಹತ್ತಿರ ನಿಂತಿದ್ನಾ?'

ಅವಳು ಶುಕ್ರವಾರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಂಗಿಯನ್ನು ಕವರಿಗೆ ಹಾಕುತ್ತಾ ನೋಡಿದಳು, ಸ್ಟಿಕ್ಕರ್ ಅಂಟಿಸುತ್ತಾ ನೋಡಿದಳು. ತಪ್ಪು ಎಲ್ಲಿದೆ ಅಂತ ಸಿಕ್ಕರೆ ಸರಿಮಾಡಬಹುದು. ಸಿಗಲೇ ಇಲ್ಲ.

ಕೈ ಎತ್ತಿದರೆ ಅವನು ಬರುತ್ತಾನೆ, ಅದು ಮೊದಲಿಂದ ಇದ್ದ ನಿಯಮ. ಆದರೆ ನಿಯಮಕ್ಕಾಗಿ ಬರುವುದು ಅವಳಿಗೆ ಬೇಡವಾಗಿತ್ತು. ಎರಡು ವಾರ ಅವಳು ಒಂದು ಸಲವೂ ಕೈ ಎತ್ತಲಿಲ್ಲ.

ಆಚೆ ಮೇಜಿನಲ್ಲಿ ಪೃಥ್ವಿ ದಿನವಿಡೀ ಆ ಕೈಯನ್ನೇ ಕಾಯುತ್ತಿದ್ದ. ಒಂದು ಸಲ... ಒಂದೇ ಒಂದು ಸಲ ಎತ್ತಬಾರದಾ! ಇಲ್ಲ, ಎತ್ತುವುದಿಲ್ಲ. ಅವಳಿಗೆ ನಾನು ಬೇಕಾಗಿಲ್ಲ. ಒಳ್ಳೆಯದೇ ಆಯಿತಲ್ಲ? ಒಳ್ಳೆಯದಾದದ್ದಕ್ಕೆ ಇಷ್ಟು ಯಾಕೆ ನೋಯುತ್ತದೋ ಅವನಿಗೆ ತಿಳಿಯಲಿಲ್ಲ.

ಅವಳ ಕೆಲಸ ನಿಧಾನವಾಯಿತು. ಒಂದೊಂದು ಕಾಲರನ್ನೂ ಮೂರು ಮೂರು ಸಲ ನೋಡತೊಡಗಿದಳು. ಏಳನೇ ವಾರದ ಕೊನೆಗೆ ಚಂದನ್ ಜೀ ಅವಳ ಮೇಜಿನ ಮುಂದೆ ನಿಂತು ಗಡಿಯಾರ ನೋಡಿದರು.

"ಅಹಲ್ಯಾ ಜೀ, ಹುಡುಗಿ ಒಳ್ಳೆಯವಳು. ಆದರೆ ನನ್ನ ಲಾರಿ ಒಳ್ಳೆಯತನಕ್ಕೆ ಕಾಯಲ್ಲ," ಎಂದರು ಹಿಂದಿಯಲ್ಲಿ. "ಗುರುವಾರ ಸರಕು ಹೋಗುತ್ತೆ. ಅವತ್ತು ನೋಡಿ ಹೇಳ್ತೀನಿ."

ಅಹಲ್ಯಾ ಮೊಣ್ಣಪ್ಪನವರಿಗೆ ಫೋನ್ ಮಾಡಲೇಬೇಕಾಯಿತು.

"ನಾನು ಮೊದಲೇ ಹೇಳಿದ್ದೆ," ಎಂದರು ಅವರು. ಆಮೇಲೆ ಮಗಳ ಪಕ್ಕದಲ್ಲಿ ಕೂತು, ಸೇನೆಯಲ್ಲಿ ಯಾರೂ ಕೇಳಿರದ ಮೆತ್ತನೆ ದನಿಯಲ್ಲಿ, "ಸಾಕು ಬಿಡು ಮಗಳೇ. ಗುರುವಾರದ ತನಕ ಯಾಕೆ? ನಾಳೆಯಿಂದಲೇ ಬೇಡ," ಎಂದರು.

"ಗುರುವಾರ ಹೋಗ್ತೀನಿ, ಪಪ್ಪಾ."

"ಅಳ್ತಾ ಅಳ್ತಾ ಯಾಕೆ ಹೋಗ್ಬೇಕು?"

"ಅಳೋದು ಮುಗಿದ ಮೇಲೂ ನನಗೆ ಹೋಗೋಕೆ ಜಾಗ ಬೇಕು."

ಮೊಣ್ಣಪ್ಪ ಎದ್ದು ಬಾಲ್ಕನಿಗೆ ಹೋದರು.

*

ಗುರುವಾರ.

ನಾಲ್ಕು ಗಂಟೆಗೆ ಲಾರಿ. ಮಧ್ಯಾಹ್ನ ಎರಡೂವರೆಗೆ ಹದಿನಾಲ್ಕು ಕಾರ್ಟನ್‌ಗಳು ಟೇಪ್ ಹಾಕಿಸಿಕೊಂಡು ಗೋಡೆಗೆ ಸಾಲಾಗಿ ನಿಂತಿದ್ದವು. ಎಲ್ಲವೂ ಜೀವಿತಾಳ ಮೇಜಿನಿಂದ ಹೋದವು. ಚಂದನ್ ಜೀ ಮೊದಲ ಬಾರಿಗೆ ಅವಳತ್ತ ನೋಡಿ ತಲೆಯಾಡಿಸಿದರು. ಮುಗಿಯಿತು! ಗೆದ್ದಳು!

ಜೀವಿತಾ ಮೇಜು ಒರೆಸುತ್ತಿದ್ದಳು. ಬಟ್ಟೆಯ ಅಡಿಯಿಂದ ಒಂದು ಹಾಳೆ ಹೊರಬಂತು.

L ಸ್ಟಿಕ್ಕರ್‌ಗಳು. ಹನ್ನೆರಡು.

ಅವಳು ಇನ್ನೊಂದು ಸಲ ಎಣಿಸಿದಳು. ಸ್ಟಿಕ್ಕರ್‌ಗಳನ್ನು ಎಣಿಸಿಯೇ ಕೊಡುತ್ತಾರೆ, ಒಂದೂ ಉಳಿಯಬಾರದು. ಬೆಳಿಗ್ಗೆ M ಸಾಲದೆ ಅವಳು ಇನ್ನೊಂದು ಹಾಳೆ ಕೇಳಿ ತಂದಿದ್ದಳು. ಅಂದರೆ... ಹನ್ನೆರಡು L ಅಂಗಿಗಳ ಮೇಲೆ M ಅಂಟಿದೆ. ಆ ಹದಿನಾಲ್ಕರಲ್ಲಿ ಯಾವುದೋ ಒಂದರೊಳಗೆ.

ಯಾವಾಗ? ಗೊತ್ತು. ಹನ್ನೊಂದು ಗಂಟೆಗೆ ಪೃಥ್ವಿ ಯಾರ ಜೊತೆಗೋ ಮಾತಾಡುತ್ತಾ ಒಂದು ಸಲ ಇತ್ತ ತಿರುಗಿದ್ದ. ಆಮೇಲೆ ಎಷ್ಟೋ ಹೊತ್ತು ಅವಳ ಕೈ ಕೆಲಸ ಮಾಡಿತ್ತು, ಅವಳು ಅಲ್ಲಿರಲಿಲ್ಲ.

ಎದುರು ಮೇಜಿನ ಹೆಂಗಸು ಹಾಳೆ ನೋಡಿದಳು. ಅವಳು ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದವಳು, ಹೇಳದೆಯೇ ಅರ್ಥವಾಯಿತು. "ಮುದುರಿ ಕಸಕ್ಕೆ ಹಾಕು, ಬೇಟಿ," ಎಂದಳು ಪಿಸುಮಾತಿನಲ್ಲಿ. "ಯಾರಿಗೆ ಗೊತ್ತಾಗುತ್ತೆ? ಇವತ್ತೇ ನಿನ್ನ ಫೈಸಲಾ ಅಲ್ವಾ?"

ಜೀವಿತಾಳಿಗೆ ಎಲ್ಲ ಸದ್ದುಗಳೂ ಒಟ್ಟಿಗೆ ಕೇಳತೊಡಗಿದವು. ಇಸ್ತ್ರಿಯ ಹಬೆ, ಫ್ಯಾನು, ಟೇಪ್ ಹರಿಯುವ ಸದ್ದು, ಕೆಳಗೆ ಲಾರಿಯ ಹಾರ್ನ್. ಬಾಗಿಲು ಹದಿನೈದು ಹೆಜ್ಜೆ ದೂರ. ಓಡಬಹುದು. ಮಾನೇಸರ್‌ನಲ್ಲಿ ಓಡಿದ್ದಳು.

ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಮನೆ. ಪಕ್ಕದ ಮೇಜಿನ ದೂರದಲ್ಲಾದರೂ ಕಾಣುತ್ತಿದ್ದ ಪೃಥ್ವಿ ಇನ್ನು ಕಾಣುವುದಿಲ್ಲ.

ಹೇಳದಿದ್ದರೆ... ಹೇಳದಿರುವುದು ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಅವಳು ಕೈ ಎತ್ತಿದಳು.

ಪೃಥ್ವಿ ನೋಡಿದ. ಹದಿನೇಳು ದಿನ ಕಾದಿದ್ದ ಕೈ! ಹೋದರೆ ಅಹಲ್ಯಾ ಮ್ಯಾಮ್ ಏನನ್ನುತ್ತಾರೋ, ಇವತ್ತಿನ ತೀರ್ಮಾನ ಕೇಳಲು ಬಂದು ಬಾಗಿಲಲ್ಲೇ ನಿಂತಿದ್ದಾರೆ... ಆದರೆ ಆ ಕೈ ಇನ್ನೂ ಇಳಿದಿರಲಿಲ್ಲ. ಅವನು ಮೇಜುಗಳ ನಡುವೆ ಓಡಿಬಂದ.

"ಏನಾಯ್ತು? ಜೀವಿತಾ, ಏನಾಯ್ತು?"

"ತಪ್ಪು ಮಾಡಿದೀನಿ." ಅವಳು ಹಾಳೆ ತೋರಿಸಿದಳು. "ಹನ್ನೆರಡು. ಯಾವ ಕಾರ್ಟನ್ ಗೊತ್ತಿಲ್ಲ. ನಿಮ್ಮ ಬಗ್ಗೆ ಯೋಚಿಸ್ತಿದ್ದೆ. ಅದಕ್ಕೇ ತಪ್ಪಾಯ್ತು."

ಪೃಥ್ವಿ ಅವಳ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಕರೆದ. "ಚಂದನ್ ಜೀ! ಕಾರ್ಟನ್ ಬಿಚ್ಚಬೇಕು!"

ಚಂದನ್ ಜೀ ಬಂದರು, ಕೇಳಿದರು, ತಲೆ ಮೇಲೆ ಕೈ ಹೊತ್ತರು. ಬಾಯಿಗೆ ಬಂದದ್ದನ್ನೆಲ್ಲ ಅಂದರು. ಜೀವಿತಾ ಕಿವಿ ಮುಚ್ಚಿಕೊಂಡಳು, ಆದರೆ ಜಾಗ ಬಿಟ್ಟು ಕದಲಲಿಲ್ಲ.

"ಇನ್ನೂ ಒಂದು ಗಂಟೆ ಮೇಲಿದೆ," ಪೃಥ್ವಿ ಹೇಳಿದ. "ನಾವಿಬ್ರೂ ಬಿಚ್ತೀವಿ."

"ನಿಲ್ಲಬೇಡಿ ಹಾಗಾದ್ರೆ! ಬಿಚ್ಚಿ!"

ಬ್ಲೇಡು ಟೇಪನ್ನು ಹರಿಯಿತು. ಒಂದು... ಎರಡು... ಅವಳು ಕವರಿನೊಳಗಿನ ಕಾಲರ್ ನೋಡಿ ಅಳತೆ ಹೇಳುವುದು, ಅವನು ಸ್ಟಿಕ್ಕರ್ ನೋಡಿ ಹೇಳುವುದು.

"L."

"L. ಸರಿ ಇದೆ."

"M."

"M."

ನಾಲ್ಕನೇ ಪೆಟ್ಟಿಗೆಯ ಹತ್ತಿರ ಅವಳು, ಕೈ ನಿಲ್ಲಿಸದೆ, ಕಾಲರಿನಿಂದ ಕಣ್ಣು ತೆಗೆಯದೆ ಕೇಳಿದಳು. "ನಾನು ಇಷ್ಟ ಅಂದಿದ್ದಕ್ಕೆ ನೀವು ದೂರ ಹೋದ್ರಾ?"

"ಇಲ್ಲ! ಅರೇ, ಇಲ್ಲ... ಅಹಲ್ಯಾ ಮ್ಯಾಮ್ ಹೋಗು ಅಂದ್ರು. ಅವರಿಗೆ ಗೊತ್ತಾಗಿದೆ ಅಂದುಕೊಂಡೆ. ನಾನು ಹತ್ತಿರ ಇದ್ರೆ ನಿನ್ನ ಕೆಲಸ ಹೋಗುತ್ತೆ ಅಂದುಕೊಂಡೆ."

"ಮ್ಯಾಮ್‌ಗೆ ನಾನು ಹೇಳಿಲ್ಲ. S."

"S... ನೀನು ಹೇಳಿಲ್ವಾ?"

"ಇಲ್ಲ. ನಿಮಗೆ ಮಾತ್ರ ಹೇಳಿದ್ದು."

ಬಾಗಿಲಿನಿಂದ ಬಂದು ಐದನೇ ಪೆಟ್ಟಿಗೆ ಬಿಚ್ಚುತ್ತಿದ್ದ ಅಹಲ್ಯಾ ಕೈ ನಿಲ್ಲಿಸಿದರು. ಇಬ್ಬರ ಮುಖವನ್ನೂ ನೋಡಿದರು. ಹದಿನೈದು ವರ್ಷದ ಅನುಭವ ಒಂದು ನಿಮಿಷದಲ್ಲಿ ಮಂಡಿಯೂರಿತ್ತು.

"ಅಯ್ಯೋ ದೇವರೇ... ನಾನು ದೂರ ಹೋಗೋದನ್ನ ಚಾರ್ಟಿನಲ್ಲಿ ಬರೆದೆ. ಅವನದನ್ನ ಬರೀಲೇ ಇಲ್ಲ!" ಅವರು ಜೀವಿತಾಳ ಎದುರು ನೆಲಕ್ಕೆ ಕೂತರು. "ಅವನು ಕೋಪ ಮಾಡ್ಕೊಂಡು ಹೋಗಿದ್ದಲ್ಲ ಜೀವಿತಾ. ನಾನೇ ಕಳಿಸಿದ್ದು. ನೀನು ಚೆನ್ನಾಗಿ ಕಲಿತಿದೀಯ ಅಂತ. ಹೇಳದೇ ಇದ್ದಿದ್ದು ನನ್ನ ತಪ್ಪು. ನಿನ್ನದಲ್ಲ."

ಎರಡು ವಾರ ಹುಡುಕಿದ ತಪ್ಪು! ಅವಳ ಹತ್ತಿರ ಇರಲೇ ಇಲ್ಲ, ಇನ್ನೆಲ್ಲಿ ಸಿಗಬೇಕು?

ಜೀವಿತಾಳ ಕಣ್ಣಿಂದ ನೀರು ಕವರಿನ ಮೇಲೆ ಟಪಟಪ ಬಿತ್ತು. ಅವಳು ಅದನ್ನು ತೋಳಿನಿಂದ ಒರೆಸಿ ಮುಂದಿನ ಕಾಲರ್ ನೋಡಿದಳು.

ಒಂಬತ್ತನೇ ಪೆಟ್ಟಿಗೆ.

"L."

"M..." ಪೃಥ್ವಿಯ ದನಿ ಏರಿತು. "M! ಸಿಕ್ತು!"

ಹನ್ನೆರಡೂ ಒಂದೇ ಕಡೆ ಇದ್ದವು. ಹಳೆಯ ಸ್ಟಿಕ್ಕರ್ ಕಿತ್ತು ಹೊಸದು ಅಂಟಿಸಿ, ಟೇಪ್ ಹಾಕಿ, ಮೂರು ಐವತ್ತಕ್ಕೆ ಕೊನೆಯ ಪೆಟ್ಟಿಗೆ ಗೋಡೆಗೆ ಸೇರಿತು. ಅರವತ್ತು ಜನರಲ್ಲಿ ಒಬ್ಬರೂ ಈ ಸಲ ನಗಲಿಲ್ಲ.

ಚಂದನ್ ಜೀ ಬಂದರು. ಜೀವಿತಾ ನೆಟ್ಟಗೆ ನಿಂತಳು.

"ತಪ್ಪು ಎಲ್ಲರೂ ಮಾಡ್ತಾರೆ," ಎಂದರು ಅವರು. "ಇಲ್ಲಿ ಅದು ಗೊತ್ತಾಗೋದು ಸರಕು ವಾಪಸ್ ಬಂದಾಗ. ಲಾರಿ ಹತ್ತೋ ಮುಂಚೆ ಬಂದು ಹೇಳಿದವರನ್ನ ನಾನು ನೋಡಿಲ್ಲ. ನಾಳೆ ಒಂಬತ್ತಕ್ಕೆ ಬಾ. ಕಾಗದ ಕೊಡ್ತೀನಿ."

ಜೀವಿತಾ ಅಹಲ್ಯಾರತ್ತ ನೋಡಿದಳು. "ಅಂದ್ರೆ ಹೂಂ ಅಂತಾನಾ?"

"ಹೂಂ ಅಂತಾನೇ," ಅಹಲ್ಯಾ ಮೂಗು ಒರೆಸಿಕೊಂಡರು.

*

ಸಂಜೆ ಮೆಟ್ಟಿಲ ಮೇಲೆ ಜನ ಖಾಲಿಯಾಗುವ ತನಕ ಪೃಥ್ವಿ ಕಾದ. ಜೀವಿತಾ ನಿಧಾನವಾಗಿ ಇಳಿಯುತ್ತಾ ಬಂದಳು.

"ನಾನು ಒಂದು ವಿಷಯ ಹೇಳ್ಬೇಕು. ಚಂದನ್ ಜೀನ ಕೇಳ್ಕೊಂಡೆ. ನಾಳೆಯಿಂದ ನಾನು ಕೆಳಗೆ ಲೋಡಿಂಗ್‌ನಲ್ಲಿ ಇರ್ತೀನಿ. ನಿನ್ನ ಸಹಾಯಗಾರ ನಾನಲ್ಲ. ಎದುರು ಮೇಜಿನ ಆಂಟಿ."

ಅವಳ ಮುಖ ಬಿಳುಚಿತು. ಮತ್ತೆ ದೂರ! ಎಲ್ಲ ಸರಿಯಾಯಿತು ಅಂದರಲ್ಲ... ಕೈ ತಾನಾಗಿ ಕಂಬಿಯನ್ನು ಬಿಗಿಹಿಡಿಯಿತು.

"ಯಾಕೆ? ಇದು ಕಲಿತಿದ್ದಕ್ಕಾ, ಕೋಪಕ್ಕಾ? ಸರಿಯಾಗಿ ಹೇಳಿ."

"ಎರಡೂ ಅಲ್ಲ. ಕೇಳು." ಅವನು ಎರಡು ಮೆಟ್ಟಿಲು ಕೆಳಗಿಳಿದು, ಅವಳ ಮುಖ ಕಾಣುವ ಹಾಗೆ ತಿರುಗಿ ನಿಂತ. "ಸಹಾಯಗಾರ ಆಗಿದ್ರೆ ನಾನು ನಿನಗೆ ಉತ್ತರ ಕೊಡೋ ಹಾಗಿರ್ಲಿಲ್ಲ. ನೀನು ನನ್ನ ಮೇಲೆ ಭಾರ ಹಾಕಿ ನಿಂತಿದ್ದೆ. ಈಗ ನಿನ್ನ ಕೆಲಸ ನಿಂದು. ನೀನು ಬೇಡ ಅಂದ್ರೂ ಅದು ನಿಂದೇ. ಅದಕ್ಕೇ ಈಗ ಹೇಳ್ತಿದೀನಿ... ಜೀವಿತಾ, ನೀನು ನನಗೆ ಇಷ್ಟ. ತುಂಬಾ ಇಷ್ಟ."

ಅವಳು ಕಂಬಿಯಿಂದ ಕೈ ತೆಗೆದಳು.

"ನಾನು ಅತ್ತಿದ್ದಕ್ಕೆ ಹೇಳ್ತಿದೀರಾ?"

"ಇಲ್ಲ. ಶುಕ್ರವಾರಾನೇ ಹೇಳ್ಬೇಕಿತ್ತು."

"ಎಷ್ಟು ಶುಕ್ರವಾರದ ಹಿಂದೆ?"

"ಮೂರು."

"ಮೂರು ಶುಕ್ರವಾರ ನನಗೆ ತುಂಬಾ ಭಯ ಆಗಿತ್ತು."

"ನನಗೂ," ಎಂದ ಅವನು. "ಇನ್ನು ಮೇಲೆ ದೂರ ಹೋಗೋದಿದ್ರೆ ಹೇಳಿ ಹೋಗ್ತೀನಿ. ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ವಾಪಸ್. ಎಲ್ಲಾ."

"ನಿಮ್ಮ ತಂದೆ ಪರೀಕ್ಷೆ ಬರಿ ಅಂದ್ರೆ?"

"ಇಷ್ಟ ಇಲ್ಲ ಅಂತೀನಿ. ನೀನು ನಿನ್ನ ಪಪ್ಪನಿಗೆ?"

"ಇಷ್ಟ ಇದೆ ಅಂತೀನಿ. ಭಯ ಆಗುತ್ತೆ. ಆದ್ರೂ ಅಂತೀನಿ."

ಕೆಳಗೆ ಗೇಟಿನಲ್ಲಿ ಮೊಣ್ಣಪ್ಪನವರ ಕೆಮ್ಮು ಕೇಳಿಸಿತು. ಪೃಥ್ವಿ ಬೆದರಿ ಕಾಲರ್ ಸರಿಮಾಡಿಕೊಂಡ. ಜೀವಿತಾ ಕದಲಲಿಲ್ಲ. ಅವಳಿಗೆ ಇನ್ನೂ ಒಂದು ಲೆಕ್ಕ ಬಾಕಿಯಿತ್ತು.

"ನಾಳೆ ಊಟಕ್ಕೆ?"

"ನಾನು ಮೇಲೆ ಬರ್ತೀನಿ."

"ಕೆಳಗಿಂದ ಮೇಲಕ್ಕೆ ಎಷ್ಟು ಮೆಟ್ಟಿಲು?"

"ಗೊತ್ತಿಲ್ಲ. ಅರವತ್ತು?"

"ಐವತ್ತನಾಲ್ಕು." ಅವಳು ಮೊದಲ ಬಾರಿಗೆ ಅವನ ಕಣ್ಣನ್ನೇ ನೋಡಿದಳು, ನೋಡುವುದು ಕಷ್ಟವಾದರೂ ನೋಡಿದಳು. "ಇಪ್ಪತ್ತೇಳು ನೀವು ಹತ್ತಿ. ಇಪ್ಪತ್ತೇಳು ನಾನು ಇಳೀತೀನಿ."

"ಆ ಮೆಟ್ಟಿಲ ಮೇಲೆ 'ಇಲ್ಲಿ ಕೂರಬೇಡಿ' ಅಂತ ಬೋರ್ಡ್ ಇದ್ರೆ?"

ಜೀವಿತಾ ಯೋಚಿಸಿದಳು.

"ನಿಂತ್ಕೊಂಡೇ ತಿನ್ನೋಣ."